ಮಾನಕದ ಮತ ಯಾರ ಕೈಯಲ್ಲಿ: 2007–08ರ ದಸ್ತಾವೇಜು ವಿವಾದ ಮತ್ತು ಬಳ್ಳಾರಿ ಸೀಮೆಯ ಕಡತಗಳು

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಸೀಮೆಯ ಹೊಲಗಳನ್ನು ಒಂದೇ ಅಳತೆಗೆ ತಂದ ಕೆಲಸ ಎರಡು ಶತಮಾನಗಳಷ್ಟು ಹಳೆಯದು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ದತ್ತ ಮಂಡಲ ಎಂದು ಹೆಸರಾದ ಈ ಸೀಮೆಯ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, 1802ರಲ್ಲಿ ಹೊಲ ಹೊಲವನ್ನೂ ಅಳೆಯುವ ಪೈಮಾಶಿಯನ್ನು ಆರಂಭಿಸಿದನು. ಊರಿಗೊಂದರಂತಿದ್ದ ಭೂಮಿಯ ಅಳತೆಗಳ ಜಾಗಕ್ಕೆ 33 ಅಡಿಯ ಸರಪಳಿ ಬಂದಿತು. ಎಕರೆಯೇ ಕಂದಾಯದ ಲೆಕ್ಕದ ಆಧಾರವಾಯಿತು. ಮುಂದೆ ಮದ್ರಾಸ್ ಪ್ರಾಂತದ ಪದ್ಧತಿಯಂತೆ ಎಕರೆಯನ್ನು 100 ಸೆಂಟುಗಳಾಗಿ ಎಣಿಸುವ ರೂಢಿ ನೆಲೆಗೊಂಡಿದ್ದರಿಂದ, ಹಳೆ ಮೈಸೂರು ಸೀಮೆ ಗುಂಟೆಯಲ್ಲಿ ಹೇಳುವ ಲೆಕ್ಕವನ್ನು ಬಳ್ಳಾರಿ ಸೀಮೆ ಸೆಂಟಿನಲ್ಲಿ ಹೇಳುತ್ತ ಬಂದಿದೆ. ಅಳತೆಯಲ್ಲಿ ಏಕರೂಪತೆ ಬಂದದ್ದು ರೈತನಿಗೂ ಸರ್ಕಾರಕ್ಕೂ ಉಪಯುಕ್ತವಾಯಿತೆಂಬುದು ನಿಜ. ಆದರೆ ಆ ಅಳತೆ ಯಾವುದಾಗಿರಬೇಕೆಂದು ನಿರ್ಣಯಿಸಿದ್ದು ಒಂದು ವ್ಯಾಪಾರಿ ಕಂಪನಿಯ ಆಡಳಿತವೇ ಹೊರತು ಅದಕ್ಕೆ ಒಳಪಟ್ಟ ಜನರಲ್ಲ. ಮಾನಕವೊಂದರ ಉಪಯುಕ್ತತೆ ಬೇರೆ, ಅದನ್ನು ನಿರ್ಣಯಿಸುವ ಅಧಿಕಾರ ಬೇರೆ ಎಂಬ ಈ ಭೇದವೇ, ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಜಗತ್ತಿನ ಅನೇಕ ದೇಶಗಳ ಮಾನಕ ಸಮಿತಿಗಳನ್ನು ಇಬ್ಭಾಗ ಮಾಡಿದ ವಿವಾದದ ತಿರುಳಾಗಿತ್ತು.

ಒಂದು ದೇಶ, ಒಂದು ಮತ

ಉತ್ಪನ್ನ, ವಿಧಾನ ಅಥವಾ ಮಾಹಿತಿಯ ರೂಪ ಹೇಗಿರಬೇಕೆಂದು ಎಲ್ಲರೂ ಒಪ್ಪಿ ಬರೆದಿಟ್ಟ ನಿಯಮಾವಳಿಗೆ ಮಾನಕ ಎನ್ನುತ್ತಾರೆ. ಇಂಥ ನಿಯಮಗಳನ್ನು ರಾಷ್ಟ್ರಗಳ ನಡುವೆ ಏಕರೂಪಗೊಳಿಸಲು 1946ರಲ್ಲಿ ಲಂಡನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಕೈಗೊಂಡ ತೀರ್ಮಾನದಂತೆ, 1947ರಲ್ಲಿ ಜಿನೀವಾ ನೆಲೆಯ ಅಂತರರಾಷ್ಟ್ರೀಯ ಮಾನಕ ಸಂಸ್ಥೆ, ಅಂದರೆ ಐಎಸ್ಒ, ಕಾರ್ಯಾರಂಭ ಮಾಡಿತು. ಅದೇ ವರ್ಷದ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವು ತಿಂಗಳು ಮೊದಲೇ, ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. ಐಎಸ್ಐ ಎಂಬ ಮುದ್ರೆಯಿಂದ ಮನೆಮಾತಾದ ಈ ಸಂಸ್ಥೆಯನ್ನು ಆರಂಭದ ವರ್ಷಗಳಲ್ಲಿ ಮುನ್ನಡೆಸಿದ ಲಾಲ್ ಚಂದ್ ವರ್ಮನ್ ಅವರು ಐಎಸ್ಒದ ಉಪಾಧ್ಯಕ್ಷರೂ ಆಗಿದ್ದರು. 1987ರಲ್ಲಿ ಅದರ ಜಾಗದಲ್ಲಿ ಶಾಸನಬದ್ಧವಾದ ಭಾರತೀಯ ಮಾನಕ ಬ್ಯೂರೋ ಬಂದಿತು.

ಐಎಸ್ಒದಲ್ಲಿ ಕಂಪನಿಗಳಿಗೆ ಮತವಿಲ್ಲ, ದೇಶಕ್ಕೊಂದು ಮತವಿದೆ. ಆದರೆ ಆ ಮತ ಏನಾಗಿರಬೇಕೆಂದು ತೀರ್ಮಾನಿಸುವ ರಾಷ್ಟ್ರೀಯ ಸಮಿತಿಗಳಲ್ಲಿ ಕಂಪನಿಗಳ ಪ್ರತಿನಿಧಿಗಳು ಕೂರುತ್ತಾರೆ, ಏಕೆಂದರೆ ತಾಂತ್ರಿಕ ಪರಿಣತಿಯ ಬಹುಪಾಲು ಇರುವುದು ಉದ್ಯಮದಲ್ಲಿಯೇ. ಬಳ್ಳಾರಿ–ಹೊಸಪೇಟೆ ವಲಯದ ಕಬ್ಬಿಣದ ಅದಿರಿನಂಥ ಸರಕಿನಿಂದ ಮಾದರಿ ತೆಗೆದು ಪರೀಕ್ಷೆಗೆ ಸಿದ್ಧಪಡಿಸುವ ವಿಧಾನಕ್ಕೂ ಐಎಸ್ಒ 3082 ಎಂಬ ಮಾನಕವಿದೆ. ಅದಿರಿನಲ್ಲಿ ಕಬ್ಬಿಣದ ಅಂಶ ಎಷ್ಟೆಂಬುದರ ಮೇಲೆ ಬೆಲೆ ನಿಲ್ಲುವುದರಿಂದ, ಕೊಳ್ಳುವವರೂ ಮಾರುವವರೂ ಇಂಥ ಸಮಿತಿಗಳಲ್ಲಿ ಇರುವುದು ಸಹಜ. ಎರಡೂ ಕಡೆಯವರು ಸಮತೂಕದಲ್ಲಿ ಇರುವವರೆಗೆ ಈ ಏರ್ಪಾಡು ಸಮಾಧಾನಕರವಾಗಿ ನಡೆಯುತ್ತದೆ. ಒಂದೇ ಸಂಸ್ಥೆಯ ಹಿತಾಸಕ್ತಿ ಅನೇಕ ದೇಶಗಳ ಸಮಿತಿಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ನಿಯಮಾವಳಿಯಲ್ಲಿ ಸ್ಪಷ್ಟ ಉತ್ತರವಿರಲಿಲ್ಲ.

ಕಚೇರಿಯ ಕಾಗದ ಕಂಪ್ಯೂಟರಿಗೆ ಬಂದ ಕಾಲ

ಈ ಪ್ರಶ್ನೆ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೆ ಏಕೆ ಮುಖ್ಯವಾಯಿತೆಂಬುದನ್ನು ಅರಿಯಲು ಆ ವರ್ಷಗಳ ಆಡಳಿತವನ್ನು ನೋಡಬೇಕು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯು ಕೆಲವೇ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಯ ಕಾಲ ಮುಗಿದು, ಸಿರುಗುಪ್ಪದ ಭತ್ತದ ರೈತನೂ, ಆಗ ಬಳ್ಳಾರಿ ತಾಲ್ಲೂಕಿನ ಹೋಬಳಿಯಾಗಿದ್ದ ಕುರುಗೋಡಿನ ರೈತನೂ, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವಂತಾಯಿತು. ಇದರ ತಂತ್ರಾಂಶವನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್ಐಸಿ, ಸಿದ್ಧಪಡಿಸಿತ್ತು.

ಪಹಣಿ ದತ್ತಾಂಶ ಕೋಶದಲ್ಲಿ ಸೇರಿದರೂ, ಆಡಳಿತದ ಉಳಿದ ಬರಹವೆಲ್ಲ, ಅಂದರೆ ನೋಟಿಸು, ನಡಾವಳಿ, ಆದೇಶ, ಸುತ್ತೋಲೆ, ಲೆಕ್ಕಪಟ್ಟಿಗಳೆಲ್ಲ, ಸಾಮಾನ್ಯ ಬರವಣಿಗೆ ತಂತ್ರಾಂಶದಲ್ಲಿ ಸಿದ್ಧವಾಗುತ್ತಿದ್ದವು. ಬಹುತೇಕ ಕಚೇರಿಗಳಲ್ಲಿ ಆ ತಂತ್ರಾಂಶ ಮೈಕ್ರೋಸಾಫ್ಟ್ ಕಂಪನಿಯ ಆಫೀಸ್ ಆಗಿತ್ತು. ಅಕ್ಷರಗಳು, ಪ್ಯಾರಾಗಳು, ಕೋಷ್ಟಕಗಳು ಕಂಪ್ಯೂಟರಿನ ಕಡತದೊಳಗೆ ಯಾವ ಕ್ರಮದಲ್ಲಿ ಜೋಡಣೆಯಾಗಿರುತ್ತವೆ ಎಂಬ ನಿಯಮವನ್ನು ಫೈಲ್ ಫಾರ್ಮ್ಯಾಟ್ ಎಂದು ಕರೆಯುತ್ತಾರೆ. ಆ ನಿಯಮ ಸಾರ್ವಜನಿಕವಾಗಿ ತಿಳಿದಿಲ್ಲದಿದ್ದರೆ, ಕಡತವನ್ನು ತೆರೆಯುವ ಸಾಮರ್ಥ್ಯ ಒಂದೇ ಕಂಪನಿಯ ಕೈಯಲ್ಲಿ ಉಳಿಯುತ್ತದೆ. ಭೂವ್ಯಾಜ್ಯಗಳು ತಲೆಮಾರುಗಳವರೆಗೆ ನಡೆಯುವ ನಾಡಿನಲ್ಲಿ, 30 ಅಥವಾ 50 ವರ್ಷಗಳ ನಂತರವೂ ತಹಶೀಲ್ದಾರರ ಆದೇಶವೊಂದನ್ನು ಓದಲು ಸಾಧ್ಯವಾಗಬೇಕಾದರೆ, ಅದರ ಫಾರ್ಮ್ಯಾಟ್ ಯಾರ ಅನುಮತಿಯೂ ಬೇಡದ ಮುಕ್ತ ಮಾನಕವಾಗಿರಬೇಕೆಂಬ ವಾದ ಇಲ್ಲಿಂದಲೇ ಬಲ ಪಡೆಯಿತು.

ಎರಡು ಫಾರ್ಮ್ಯಾಟ್‌ಗಳ ಪೈಪೋಟಿ

ಮುಕ್ತ ಫಾರ್ಮ್ಯಾಟ್‌ನ ಮೊದಲ ಪ್ರಬಲ ಪ್ರಯತ್ನ ಒಡಿಎಫ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯು 1999ರಲ್ಲಿ ಜರ್ಮನಿಯ ಸ್ಟಾರ್ ಡಿವಿಷನ್ ಸಂಸ್ಥೆಯನ್ನು ಕೊಂಡು, ಅದರ ಕಚೇರಿ ತಂತ್ರಾಂಶದ ಮೂಲ ಸಂಕೇತವನ್ನು ಮುಂದಿನ ವರ್ಷ ಸಾರ್ವಜನಿಕರಿಗೆ ತೆರೆದಿಟ್ಟಿತು. ಅದರಿಂದ ಬೆಳೆದ ಓಪನ್ ಆಫೀಸ್ ತಂತ್ರಾಂಶದ ಫಾರ್ಮ್ಯಾಟ್ 2005ರ ಮೇ ತಿಂಗಳಲ್ಲಿ ಓಯಸಿಸ್ ಎಂಬ ಉದ್ಯಮ ಒಕ್ಕೂಟದ ಮಾನಕವಾಗಿ, 2006ರಲ್ಲಿ ಐಎಸ್ಒ ಮಾನಕ 26300 ಆಗಿ ಅಂಗೀಕಾರ ಪಡೆಯಿತು. ಇದರ ನಡುವೆ 2005ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ಸರ್ಕಾರಿ ದಾಖಲೆಗಳನ್ನು ಮುಕ್ತ ಫಾರ್ಮ್ಯಾಟ್‌ನಲ್ಲಿ ಇಡಬೇಕೆಂಬ ನೀತಿ ಪ್ರಕಟಿಸಿದಾಗ, ಕಚೇರಿ ತಂತ್ರಾಂಶದ ಮಾರುಕಟ್ಟೆಯ ಬಹುಭಾಗವನ್ನು ಹೊಂದಿದ್ದ ಮೈಕ್ರೋಸಾಫ್ಟ್‌ಗೆ ಸರ್ಕಾರಿ ಖರೀದಿಯೇ ಕೈತಪ್ಪಬಹುದೆಂಬ ಸ್ಥಿತಿ ಎದುರಾಯಿತು.

ಅದೇ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನದೇ ಫಾರ್ಮ್ಯಾಟ್ ಅನ್ನು ಮಾನಕವಾಗಿಸಲು ಯುರೋಪಿನ ಎಕ್ಮಾ ಸಂಸ್ಥೆಗೆ ಒಪ್ಪಿಸುವುದಾಗಿ ಘೋಷಿಸಿತು. ಸುಮಾರು 6,000 ಪುಟಗಳ ಆ ಕರಡು 2006ರ ಡಿಸೆಂಬರಿನಲ್ಲಿ ಎಕ್ಮಾ ಮಾನಕ 376 ಎಂದು ಅಂಗೀಕಾರವಾಯಿತು. ವಿರುದ್ಧ ಮತ ಹಾಕಿದ್ದು ಐಬಿಎಂ ಒಂದೇ. ಆಫೀಸ್ ಓಪನ್ ಎಕ್ಸ್‌ಎಂಎಲ್, ಸಂಕ್ಷಿಪ್ತವಾಗಿ ಓಓಎಕ್ಸ್‌ಎಂಎಲ್ ಎಂದು ಹೆಸರಾದ ಈ ಕರಡನ್ನು ಎಕ್ಮಾ ತಕ್ಷಣವೇ ಐಎಸ್ಒ ಮತ್ತು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗಗಳ ಜಂಟಿ ಸಮಿತಿಯ ಮುಂದೆ, ‘ಫಾಸ್ಟ್ ಟ್ರ್ಯಾಕ್’ ಎಂಬ ತ್ವರಿತ ವಿಧಾನದಲ್ಲಿ ಮಂಡಿಸಿತು. ಬೇರೊಂದು ಸಂಸ್ಥೆಯಲ್ಲಿ ಈಗಾಗಲೇ ಪಕ್ವವಾದ ಮಾನಕವನ್ನು 1 ತಿಂಗಳ ಪ್ರಾಥಮಿಕ ಪರಿಶೀಲನೆ ಮತ್ತು 5 ತಿಂಗಳ ಮತದಾನದಿಂದ ಅಂಗೀಕರಿಸುವ ದಾರಿ ಇದು. 6,000 ಪುಟಗಳನ್ನು ಆ ಅವಧಿಯಲ್ಲಿ ಓದಿ ಅಭಿಪ್ರಾಯ ಹೇಳುವುದು ಬಡ ದೇಶಗಳ ಸಣ್ಣ ಸಮಿತಿಗಳಿಗೆ ಹೇಗೆ ಸಾಧ್ಯ ಎಂಬ ಆಕ್ಷೇಪ ಆಗಲೇ ಕೇಳಿಬಂದಿತು.

ಕರಡಿನ ಒಳಗಿನ ದೋಷಗಳೂ ಚರ್ಚೆಗೆ ಬಂದವು. 1900ನೇ ಇಸವಿ ಅಧಿಕ ವರ್ಷವಲ್ಲದಿದ್ದರೂ, ಹಳೆಯ ಲೋಟಸ್ ತಂತ್ರಾಂಶದಿಂದ ಎಕ್ಸೆಲ್‌ಗೆ ಇಳಿದು ಬಂದ ತಪ್ಪಿನಿಂದಾಗಿ, ಆ ವರ್ಷಕ್ಕೆ ಫೆಬ್ರವರಿ 29 ಇತ್ತೆಂದು ಲೆಕ್ಕ ಹಾಕುವ ಕ್ರಮವನ್ನೇ ಅಂತರರಾಷ್ಟ್ರೀಯ ನಿಯಮವಾಗಿಸಲು ಹೊರಟಿದ್ದರು. ವರ್ಡ್ ತಂತ್ರಾಂಶದ 1995ರ ಆವೃತ್ತಿ ಮಾಡುತ್ತಿದ್ದಂತೆಯೇ ಅಂತರ ಬಿಡಬೇಕು ಎಂಬರ್ಥದ ಸೂಚನೆಗಳಿದ್ದರೂ, ಆ ಆವೃತ್ತಿ ಏನು ಮಾಡುತ್ತಿತ್ತೆಂಬ ವಿವರವಿರಲಿಲ್ಲ. ಕೋಟ್ಯಂತರ ಹಳೆಯ ಕಡತಗಳನ್ನು ಯಥಾವತ್ತಾಗಿ ಉಳಿಸಿಕೊಳ್ಳಲು ಇಂಥ ಅಂಶಗಳು ಅನಿವಾರ್ಯವೆಂಬುದು ಮೈಕ್ರೋಸಾಫ್ಟ್ ಪರ ವಾದವಾಗಿತ್ತು, ಮತ್ತು ಹಳೆಯ ಕಡತಗಳ ರಾಶಿಯನ್ನು ಹೊತ್ತ ಯಾವ ಕಚೇರಿಯೂ ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ.

ಮೊದಲ ಮತದಾನ ಮತ್ತು ಆರೋಪಗಳು

ಜಂಟಿ ಸಮಿತಿಯಲ್ಲಿ ಎರಡು ಬಗೆಯ ದೇಶಗಳಿವೆ: ಕೆಲಸದಲ್ಲಿ ಸಕ್ರಿಯವಾಗಿ ತೊಡಗುವ ಹೊಣೆ ಹೊತ್ತ ಪಿ-ಸದಸ್ಯರು ಮತ್ತು ದೂರದಿಂದ ಗಮನಿಸುವ ಓ-ಸದಸ್ಯರು. ಕರಡು ಅಂಗೀಕಾರವಾಗಲು ಪಿ-ಸದಸ್ಯರ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆ ಬೇಕು, ಜೊತೆಗೆ ಎಲ್ಲ ದೇಶಗಳ ಮತಗಳಲ್ಲಿ ವಿರುದ್ಧ ಮತಗಳು ಶೇ. 25ನ್ನು ಮೀರಬಾರದು, ಗೈರು ಮತಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2007ರ ಸೆಪ್ಟೆಂಬರ್ 2ಕ್ಕೆ ಮುಗಿದ ಮತದಾನದ ಮೊದಲಿನ ಅಲ್ಪ ಅವಧಿಯಲ್ಲಿ, ಹಿಂದೆ ಈ ವಿಷಯದಲ್ಲಿ ಆಸಕ್ತಿ ತೋರದಿದ್ದ ಹಲವು ದೇಶಗಳು ಪಿ-ಸದಸ್ಯತ್ವಕ್ಕೆ ಬಡ್ತಿ ಪಡೆದವು, ಮತ್ತು ಅವುಗಳಲ್ಲಿ ಹೆಚ್ಚಿನವು ಕರಡಿನ ಪರ ಮತ ಹಾಕಿದವು. ಆ ಮತದಾನ ಮುಗಿದ ಮೇಲೆ ಬೇರೆ ಮಾನಕಗಳ ಕೆಲಸದಲ್ಲಿ ಈ ದೇಶಗಳು ಕಾಣಿಸದೆ, ಕನಿಷ್ಠ ಹಾಜರಾತಿ ಇಲ್ಲದೆ ಜಂಟಿ ಸಮಿತಿಯ ಸಂಬಂಧಪಟ್ಟ ಉಪಸಮಿತಿಯ ಕೆಲಸವೇ ಕುಂಠಿತವಾಯಿತೆಂದು ಅದರ ಕಾರ್ಯತಂಡವೊಂದರ ಸಂಚಾಲಕರಾಗಿದ್ದ ಮಾರ್ಟಿನ್ ಬ್ರಯಾನ್ ತಮ್ಮ ವರದಿಯಲ್ಲಿ ಖೇದದಿಂದ ದಾಖಲಿಸಿದರು.

ಅತ್ಯಂತ ಸ್ಪಷ್ಟವಾಗಿ ದಾಖಲಾದ ಪ್ರಕರಣ ಸ್ವೀಡನ್ನಿನದು. ಅಲ್ಲಿನ ಮಾನಕ ಸಂಸ್ಥೆಯ ನಿರ್ಣಾಯಕ ಸಭೆಗೆ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಕೊನೆಯ ಗಳಿಗೆಯಲ್ಲಿ ಸದಸ್ಯತ್ವ ಶುಲ್ಕ ಕಟ್ಟಿ ಒಳಬಂದು ಕರಡಿನ ಪರ ಮತ ಹಾಕಿದವು. ಅವುಗಳಲ್ಲಿ ಬಹುಪಾಲು ಮೈಕ್ರೋಸಾಫ್ಟ್‌ನ ವ್ಯವಹಾರ ಪಾಲುದಾರರಾಗಿದ್ದವು. ಪಾಲುದಾರರು ಸಮಿತಿಗೆ ಸೇರಿ ಪರವಾಗಿ ಮತ ಹಾಕಿದರೆ ಮಾರುಕಟ್ಟೆ ನೆರವಿನ ರೂಪದಲ್ಲಿ ಪ್ರತಿಫಲ ಸಿಗುವುದೆಂದು ಸೂಚಿಸುವ ಪತ್ರವನ್ನು ತನ್ನ ಒಬ್ಬ ನೌಕರ ಕಳುಹಿಸಿದ್ದು ನಿಜವೆಂದೂ, ಅದು ಕಂಪನಿಯ ನೀತಿಗೆ ವಿರುದ್ಧವಾದ ತಪ್ಪೆಂದೂ ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಸ್ವೀಡನ್ನಿನ ಸಂಸ್ಥೆ ಆ ಮತವನ್ನು ರದ್ದುಪಡಿಸಿತಾದರೂ, ಅದಕ್ಕೆ ಕೊಟ್ಟ ಕಾರಣ ಸದಸ್ಯರೊಬ್ಬರು ಎರಡು ಬಾರಿ ಮತ ಹಾಕಿದ್ದಾರೆಂಬ ವಿಧಿವಿಧಾನದ ಲೋಪ. ಮರುಮತದಾನಕ್ಕೆ ಸಮಯವಿಲ್ಲದೆ ಆ ದೇಶ ತಟಸ್ಥವಾಗಿ ಉಳಿಯಿತು. ಪೋರ್ಚುಗಲ್‌ನಲ್ಲಿ ಐಬಿಎಂ ಮತ್ತು ಸನ್ ಕಂಪನಿಗಳ ಪ್ರತಿನಿಧಿಗಳಿಗೆ ಸಭಾಂಗಣದಲ್ಲಿ ಜಾಗವಿಲ್ಲವೆಂದು ಪ್ರವೇಶ ನಿರಾಕರಿಸಲಾಯಿತೆಂಬ ವರದಿ ಬಂದಿತು.

ಮೊದಲ ಸುತ್ತಿನಲ್ಲಿ ಕರಡು ಸೋತಿತು. ಮತ ಚಲಾಯಿಸಿದ 32 ಪಿ-ಸದಸ್ಯರಲ್ಲಿ 17 ದೇಶಗಳು, ಅಂದರೆ ಶೇ. 53 ಮಾತ್ರ, ಪರವಾಗಿದ್ದವು. ಎಣಿಕೆಗೆ ಬಂದ ಒಟ್ಟು 69 ಮತಗಳಲ್ಲಿ 18, ಅಂದರೆ ಶೇ. 26, ವಿರುದ್ಧವಾಗಿದ್ದವು. ಆ ವಿರುದ್ಧ ಮತಗಳಲ್ಲಿ ಭಾರತದ್ದೂ ಒಂದು.

ದೆಹಲಿಯ ಸಮಿತಿ

ಭಾರತದ ಮತವನ್ನು ನಿರ್ಣಯಿಸಿದ್ದು ಭಾರತೀಯ ಮಾನಕ ಬ್ಯೂರೋದ ಎಲ್ಐಟಿಡಿ 15 ಎಂಬ ವಿಷಯ ಸಮಿತಿ. ಎನ್ಐಸಿಯಂಥ ಸರ್ಕಾರಿ ಸಂಸ್ಥೆಗಳು, ಮುಂಬೈ ಐಐಟಿಯಂಥ ಶಿಕ್ಷಣ ಸಂಸ್ಥೆಗಳು, ತಂತ್ರಾಂಶ ಉದ್ಯಮದ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಇದ್ದ ಈ ಸಮಿತಿಯಲ್ಲಿ ಮೈಕ್ರೋಸಾಫ್ಟ್ ಒಂದು ಬದಿಗಿದ್ದರೆ, ಒಡಿಎಫ್ ಅನ್ನು ಬೆಂಬಲಿಸುತ್ತಿದ್ದ ಐಬಿಎಂ, ಸನ್ ಮತ್ತು ರೆಡ್ ಹ್ಯಾಟ್ ಇನ್ನೊಂದು ಬದಿಗಿದ್ದವು. ವಾಣಿಜ್ಯ ಹಿತಾಸಕ್ತಿ ಒಂದೇ ಕಡೆ ಇರಲಿಲ್ಲವೆಂಬುದನ್ನು ಇತಿಹಾಸಕಾರನು ಮರೆಯುವಂತಿಲ್ಲ. ಐಬಿಎಂ ಸಹ ಅನೇಕ ದೇಶಗಳಲ್ಲಿ ವಿರೋಧವನ್ನು ಸಂಘಟಿಸಿತೆಂದು ಮೈಕ್ರೋಸಾಫ್ಟ್ ದೂರುತ್ತಿತ್ತು. ಈ ಎರಡು ಬಣಗಳ ನಡುವೆ ತೂಕದ ಬಟ್ಟಾಗಿ ನಿಂತವರು, ಫಾರ್ಮ್ಯಾಟ್ ಮಾರಿ ಲಾಭ ಪಡೆಯದ ಸರ್ಕಾರಿ ಮತ್ತು ಶೈಕ್ಷಣಿಕ ಸದಸ್ಯರು. ತಾಲ್ಲೂಕು ಕಚೇರಿಗಳ ಕಂಪ್ಯೂಟರೀಕರಣವನ್ನು ಸ್ವತಃ ನಡೆಸಿದ್ದ ಎನ್ಐಸಿ ಅವರಲ್ಲಿ ಒಂದಾಗಿದ್ದರಿಂದ, ಬಳ್ಳಾರಿ ಸೀಮೆಯಂಥ ಕಡೆಗಳ ಕಡತಗಳ ಭವಿಷ್ಯ ಪರೋಕ್ಷವಾಗಿಯಾದರೂ ಆ ಕೋಣೆಯೊಳಗೆ ಇತ್ತು.

ಮತದಾನದ ದಿನಗಳು ಹತ್ತಿರವಾದಂತೆ ಭಾರತದಲ್ಲೂ ಒತ್ತಡದ ಆರೋಪಗಳು ಕೇಳಿಬಂದವು. ಮೈಕ್ರೋಸಾಫ್ಟ್‌ನೊಂದಿಗೆ ಸಹಯೋಗವಿದ್ದ ಸ್ವಯಂಸೇವಾ ಸಂಸ್ಥೆಗಳು ಕರಡನ್ನು ಬೆಂಬಲಿಸಿ, ಹೆಚ್ಚುಕಡಿಮೆ ಒಂದೇ ಒಕ್ಕಣೆಯ ಪತ್ರಗಳನ್ನು ಅಧಿಕಾರಿಗಳಿಗೆ ಕಳುಹಿಸಿದವೆಂದು ಮುಕ್ತ ತಂತ್ರಾಂಶ ವಲಯದವರು ಆಪಾದಿಸಿದರು. ಬೆಂಬಲಿಗರಿಂದ ಅಭಿಪ್ರಾಯ ಕೇಳುವುದು ಯಾವ ಸಂಸ್ಥೆಗೂ ಇರುವ ಹಕ್ಕೆಂಬ ವಾದವನ್ನು ಅಲ್ಲಗಳೆಯಲಾಗದು. ಆದರೆ ಫಾರ್ಮ್ಯಾಟ್‌ನ ಗುಣದೋಷಕ್ಕೆ ಸಂಬಂಧಿಸದ ಸಂಸ್ಥೆಗಳ ದನಿಯನ್ನು ಒಟ್ಟುಗೂಡಿಸಿದರೆ, ತಾಂತ್ರಿಕ ಪ್ರಶ್ನೆಯೊಂದು ಸಂಖ್ಯಾಬಲದ ಪ್ರಶ್ನೆಯಾಗಿ ಮಾರ್ಪಡುತ್ತದೆ ಎಂಬುದೂ ಅಷ್ಟೇ ಸತ್ಯ.

ಜಿನೀವಾದ ಐದು ದಿನಗಳು

ಸೋತ ಕರಡಿನ ಮೇಲೆ ದೇಶಗಳು ಸಲ್ಲಿಸಿದ್ದ 3,500ಕ್ಕೂ ಹೆಚ್ಚು ಟಿಪ್ಪಣಿಗಳಿಗೆ ಎಕ್ಮಾ ಸಾವಿರಕ್ಕೂ ಮೀರಿದ ಪರಿಹಾರಗಳನ್ನು ಸೂಚಿಸಿತು. ಅವನ್ನು ಪರಿಶೀಲಿಸಲು 2008ರ ಫೆಬ್ರವರಿ 25ರಿಂದ 29ರವರೆಗೆ, ಅಲೆಕ್ಸ್ ಬ್ರೌನ್ ಅವರ ಸಂಚಾಲಕತ್ವದಲ್ಲಿ, ಜಿನೀವಾದಲ್ಲಿ ಮತಪತ್ರ ಇತ್ಯರ್ಥ ಸಭೆ ಸೇರಿತು. ಐದು ದಿನಗಳಲ್ಲಿ ಮುಖಾಮುಖಿ ಚರ್ಚೆಗೆ ಸಿಕ್ಕಿದ್ದು ಸ್ವಲ್ಪ ಪಾಲು ಮಾತ್ರ. ಉಳಿದ ನೂರಾರು ಪರಿಹಾರಗಳನ್ನು ಚರ್ಚೆಯೇ ಇಲ್ಲದೆ ಒಟ್ಟಾಗಿ ಮತಕ್ಕೆ ಹಾಕಿ ಮುಗಿಸಲಾಯಿತು.

ಆ ಬಳಿಕ ದೇಶಗಳಿಗೆ ತಮ್ಮ ಹಿಂದಿನ ಮತವನ್ನು ಬದಲಿಸಲು ಮಾರ್ಚ್ ಕೊನೆಯವರೆಗೆ ಅವಕಾಶವಿತ್ತು. ನಾರ್ವೆಯಲ್ಲಿ ಸಮಿತಿಯ ಬಹುಸಂಖ್ಯಾತ ಸದಸ್ಯರು ವಿರೋಧಿಸಿದರೂ ಮಾನಕ ಸಂಸ್ಥೆಯ ಆಡಳಿತವು ಪರವಾಗಿ ಮತ ಕೊಟ್ಟಿತು. ಸಮಿತಿಯ ಅಧ್ಯಕ್ಷರಾಗಿದ್ದ ಸ್ಟೀವ್ ಪೆಪರ್ ಬಹಿರಂಗವಾಗಿ ಪ್ರತಿಭಟಿಸಿದರು, ಆಸ್ಲೋ ನಗರದ ಬೀದಿಯಲ್ಲಿ ಮೆರವಣಿಗೆ ನಡೆಯಿತು, ಮತ್ತು ಅದೇ ವರ್ಷ ಸಮಿತಿಯ 13 ಸದಸ್ಯರು ಹೊರನಡೆದರು. ಭಾರತದ ಸಮಿತಿ ಮಾತ್ರ ಮಾರ್ಚ್‌ನಲ್ಲಿ ಮತ್ತೆ ಸೇರಿ, ಮತಗಣನೆ ನಡೆಸಿ, ಸ್ಪಷ್ಟ ಬಹುಮತದಿಂದ ತನ್ನ ಹಿಂದಿನ ವಿರೋಧವನ್ನೇ ಉಳಿಸಿಕೊಂಡಿತು. ಭಾರತೀಯ ಮಾನಕ ಬ್ಯೂರೋ ಸಮಿತಿಯ ತೀರ್ಮಾನವನ್ನು ತಿರುಗಿಸದೆ ಹಾಗೆಯೇ ಜಿನೀವಾಕ್ಕೆ ಕಳುಹಿಸಿತು.

ಏಪ್ರಿಲ್ 2ರಂದು ಫಲಿತಾಂಶ ಪ್ರಕಟವಾಯಿತು: 32 ಪಿ-ಸದಸ್ಯರಲ್ಲಿ 24, ಅಂದರೆ ಶೇ. 75, ಪರವಾಗಿ, ಒಟ್ಟು 71 ಮತಗಳಲ್ಲಿ 10 ಮಾತ್ರ ವಿರುದ್ಧ. ಭಾರತ, ಚೀನಾ, ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಗಳು ಆ ಹತ್ತರಲ್ಲಿದ್ದವು. ಸಭೆಯ ನಡವಳಿಕೆ ಮತ್ತು ವಿಧಿವಿಧಾನವನ್ನು ಪ್ರಶ್ನಿಸಿ ದಕ್ಷಿಣ ಆಫ್ರಿಕ, ಬ್ರೆಜಿಲ್, ಭಾರತ ಮತ್ತು ವೆನೆಜುವೆಲ ಮೇಲ್ಮನವಿ ಸಲ್ಲಿಸಿದವು. ಮೇಲ್ಮನವಿಗಳನ್ನು ಮುಂದುವರಿಸಲು ಬೇಕಾದ ಬೆಂಬಲ ಐಎಸ್ಒ ಮತ್ತು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗಗಳ ತಾಂತ್ರಿಕ ಮಂಡಳಿಗಳಲ್ಲಿ ಸಿಗಲಿಲ್ಲವೆಂದು ಆಗಸ್ಟ್‌ನಲ್ಲಿ ತಿಳಿಸಲಾಯಿತು, ಮತ್ತು ನವೆಂಬರಿನಲ್ಲಿ ಐಎಸ್ಒ ಮಾನಕ 29500 ಪ್ರಕಟವಾಯಿತು. ಈ ಫಾರ್ಮ್ಯಾಟ್‌ನ ವಿಷಯವನ್ನು ಯುರೋಪಿಯನ್ ಆಯೋಗವು 2008ರ ಜನವರಿಯಲ್ಲಿ ಆರಂಭಿಸಿದ ತನ್ನ ವಿಚಾರಣೆಯಲ್ಲಿ ಸೇರಿಸಿಕೊಂಡಿತ್ತಾದರೂ, ಮತಗಳನ್ನು ಅಕ್ರಮವಾಗಿ ಪಡೆಯಲಾಯಿತೆಂಬ ತೀರ್ಪು ಅದರಿಂದ ಹೊರಬರಲಿಲ್ಲ. ಆದ್ದರಿಂದ ಪ್ರಭಾವದ ದೂರುಗಳಲ್ಲಿ ಹೆಚ್ಚಿನವು ಇತಿಹಾಸದಲ್ಲಿ ಆರೋಪಗಳಾಗಿಯೇ ಉಳಿದಿವೆ.

ವಿರೋಧದ ಫಲ

ಸೋತ ಮತವೂ ವ್ಯರ್ಥವಾಗಲಿಲ್ಲ. ದೇಶಗಳ ಆಕ್ಷೇಪಗಳ ಒತ್ತಡದಿಂದ ಮಾನಕವು ಎರಡು ಭಾಗವಾಯಿತು: ಹಳೆಯ ತಂತ್ರಾಂಶಗಳ ವಿಲಕ್ಷಣತೆಗಳನ್ನು ಒಳಗೊಂಡ ‘ಸಂಕ್ರಮಣ’ ರೂಪ ಮತ್ತು ಅವುಗಳಿಂದ ಮುಕ್ತವಾದ ‘ಕಟ್ಟುನಿಟ್ಟಿನ’ ರೂಪ. ಆದರೆ 2010ರ ಆಫೀಸ್ ಆವೃತ್ತಿ ಸಂಕ್ರಮಣ ರೂಪದಲ್ಲಿಯೇ ಬರೆಯುವುದನ್ನು ಕಂಡು, ಜಿನೀವಾ ಸಭೆಯನ್ನು ನಡೆಸಿದ್ದ ಅಲೆಕ್ಸ್ ಬ್ರೌನ್ ಅವರೇ ನಿರಾಶೆ ವ್ಯಕ್ತಪಡಿಸಿದರು. ಕಟ್ಟುನಿಟ್ಟಿನ ರೂಪದಲ್ಲಿ ಬರೆಯುವ ಸೌಲಭ್ಯ 2013ರ ಆವೃತ್ತಿಯಲ್ಲಿ ಬಂದಿತು. 2009ರಲ್ಲಿ ಮೈಕ್ರೋಸಾಫ್ಟ್ ಒಡಿಎಫ್ ಕಡತಗಳನ್ನು ತೆರೆದು ಉಳಿಸುವ ಸೌಲಭ್ಯವನ್ನೂ ತನ್ನ ತಂತ್ರಾಂಶಕ್ಕೆ ಸೇರಿಸಿತು. ಭಾರತ ಸರ್ಕಾರವು 2010ರ ನವೆಂಬರಿನಲ್ಲಿ ಪ್ರಕಟಿಸಿದ ಇ-ಆಡಳಿತದ ಮುಕ್ತ ಮಾನಕ ನೀತಿಯು, ಸರ್ಕಾರಿ ವ್ಯವಸ್ಥೆಗಳಲ್ಲಿ ಒಂದು ಕೆಲಸಕ್ಕೆ ಒಂದೇ ಮಾನಕವಿರಬೇಕು, ಅದಕ್ಕೆ ರಾಯಧನ ಇರಬಾರದು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಸಮಿತಿಯೊಳಗೆ ವರ್ಷಗಟ್ಟಲೆ ನಡೆದ ವಾದವಿವಾದದ ನೆಲೆಯನ್ನು ಈ ನೀತಿಯಲ್ಲಿ ಗುರುತಿಸಬಹುದು.

ಕನ್ನಡದ ಮಟ್ಟಿಗೆ ಈ ಕಥೆಗೆ ಇನ್ನೊಂದು ಪದರವಿದೆ. ಫಾರ್ಮ್ಯಾಟ್ ಎಷ್ಟೇ ಮುಕ್ತವಾಗಿದ್ದರೂ ಅದರೊಳಗಿನ ಅಕ್ಷರದ ಸಂಕೇತ ಏಕರೂಪವಾಗಿಲ್ಲದಿದ್ದರೆ ಓದು ಸಾಧ್ಯವಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆಂಬುದು ಕರ್ನಾಟಕದ ಪ್ರತಿಯೊಂದು ಸರ್ಕಾರಿ ಕಚೇರಿಯ ಅನುಭವ. ಇದಕ್ಕೆ ಪರಿಹಾರವಾದ ಯುನಿಕೋಡ್, 1991ರಲ್ಲಿ ಸ್ಥಾಪನೆಯಾದ ಒಕ್ಕೂಟವೊಂದರ ಕೃತಿ. ಅಲ್ಲಿ ಮತವಿರುವುದು ಶುಲ್ಕ ತೆರುವ ಸದಸ್ಯರಿಗೆ, ಮತ್ತು ಅವರಲ್ಲಿ ಹೆಚ್ಚಿನವರು ದೊಡ್ಡ ತಂತ್ರಜ್ಞಾನ ಕಂಪನಿಗಳು. ಭಾರತದಲ್ಲಿಯೇ ರೂಪುಗೊಂಡ ಇಸ್ಕಿ ಸಂಕೇತವನ್ನೇ ಆಧರಿಸಿ ಕನ್ನಡದ ವಿಭಾಗ ಸಿದ್ಧವಾದರೂ, ಹಳಗನ್ನಡ ಶಾಸನಗಳಲ್ಲಿ ಕಾಣುವ ೞ ಅಕ್ಷರಕ್ಕೆ ಅದರಲ್ಲಿ ತಪ್ಪಾಗಿ ‘ಫ’ ಎಂಬರ್ಥದ ಹೆಸರು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ, ಪರ್ಯಾಯ ಹೆಸರೊಂದನ್ನು ಸೇರಿಸಬಹುದಾಯಿತೇ ಹೊರತು ಮೂಲದ ತಪ್ಪು ಶಾಶ್ವತವಾಗಿ ಉಳಿಯಿತು. ಸಿಂದರು ಆಳಿದ ಕುರುಗೋಡಿನಂಥ ಶಾಸನಗಳ ನೆಲದಲ್ಲಿ ಹಳೆಯ ಲಿಪಿ ಬಲ್ಲ ಒಬ್ಬ ವಿದ್ವಾಂಸರು ಸಕಾಲದಲ್ಲಿ ಕರಡನ್ನು ನೋಡಿದ್ದರೆ ತಪ್ಪುತ್ತಿದ್ದ ದೋಷವಿದು.

2007–08ರ ಘಟನಾವಳಿಯಿಂದ ಸಿದ್ಧವಾಗುವ ನಿರ್ಣಯ ಇಷ್ಟು: ಕಂಪನಿಗಳನ್ನು ಮಾನಕ ಸಮಿತಿಗಳಿಂದ ಹೊರಗಿಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ; ಒಂದು ದೇಶದ ಮತವನ್ನು ದೇಶದ ಮತವಾಗಿಯೇ ಉಳಿಸುವುದು ಮಾರುವವರ ಎದುರಿಗೆ ಬಳಸುವವರೂ ಕುಳಿತಿರುವ ಸಮಿತಿಯೇ. ಸ್ವೀಡನ್ನಿನಲ್ಲಿ ಶುಲ್ಕ ಕಟ್ಟಿದವರೆಲ್ಲ ಒಂದೇ ದಿನದಲ್ಲಿ ಬಹುಮತವಾದರು. ದೆಹಲಿಯಲ್ಲಿ ಸರ್ಕಾರಿ ಮತ್ತು ಶೈಕ್ಷಣಿಕ ಸದಸ್ಯರು ಮೊದಲಿನಿಂದಲೂ ಕರಡನ್ನು ಓದಿ ಬಲ್ಲವರಾಗಿದ್ದರಿಂದ ಒತ್ತಡ ತಾಳಿಕೊಂಡರು. ಭಾರತೀಯ ಮಾನಕ ಬ್ಯೂರೋ ತನ್ನ ಕರಡುಗಳನ್ನು ಸಾರ್ವಜನಿಕ ಅಭಿಪ್ರಾಯಕ್ಕಾಗಿ ಪ್ರಕಟಿಸುತ್ತದೆ, ಮತ್ತು ಯಾವ ನಾಗರಿಕನೂ ಅವುಗಳ ಮೇಲೆ ಬರೆದು ಕಳುಹಿಸಬಹುದು. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳು, 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ, ಸಿರುಗುಪ್ಪ ಮತ್ತು ಇಂದು ತಾಲ್ಲೂಕು ಕೇಂದ್ರವಾಗಿರುವ ಕುರುಗೋಡಿನ ಕಂದಾಯ ಸಿಬ್ಬಂದಿ, ಇವರಿಗೆ ಕನ್ನಡ ಕಡತಗಳ ತೊಡಕುಗಳು ದೆಹಲಿಯ ಯಾವ ತಜ್ಞನಿಗಿಂತಲೂ ಚೆನ್ನಾಗಿ ಗೊತ್ತು. ಆ ಅರಿವು ಕರಡಿನ ಹಂತದಲ್ಲಿಯೇ ಬರಹದ ರೂಪದಲ್ಲಿ ಸಮಿತಿಗೆ ತಲುಪಬೇಕು. ಮನ್ರೋನ ಸರಪಳಿಯ ಕಾಲದಲ್ಲಿ ಈ ಸೀಮೆಯ ಜನರಿಗೆ ಇಲ್ಲದಿದ್ದ ಆ ಅವಕಾಶ ಈಗ ಕಾನೂನುಬದ್ಧವಾಗಿ ಅವರಿಗಿದೆ; ಅದನ್ನು ಅವರು ಬಳಸದೆ ಬಿಟ್ಟರೆ ಆ ತೆರವಿನಲ್ಲಿ ಬೇರೆಯವರ ಹಿತಾಸಕ್ತಿ ಬಂದು ಕೂರುತ್ತದೆ.